ಕಂಪೌಂಡರನ ಕೈರುಚಿ

ವಾಮದಪದವು
೧೮-೧೧-೧೯೭೯

ಪ್ರೀತಿಯ ಕೇಶವನಿಗೆ ಅಮ್ಮನ ಆಶೀರ್ವಾದ, ಜೊತೆಗೆ ಸ್ವಲ್ಪ ಬೈಗುಳ.

ಆಸ್ಪತ್ರೆಯಲ್ಲಿ ರಜೆ ಕೊಡುತ್ತಿಲ್ಲ, ವಾಗ್ದೇವಿಯ ಮದುವೆಗೆ ಬರಲಾಗುವುದಿಲ್ಲ ಎಂದು ಬರೆದಿದ್ದೀಯ. ನಿನಗೆ ಇರುವುದು ಒಬ್ಬಳೇ ತಂಗಿ. ಕಾಗದ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಯಾವ ಆಸ್ಪತ್ರೆ ಮಗಾ ಅದು?

ತಪ್ಪಿನಲ್ಲಿ ಅರ್ಧ ನನ್ನದು. ಎಂಟು ವರ್ಷದ ಹಿಂದೆ ಬೊಂಬಾಯಿಯಿಂದ ಬಂದ ಮೊದಲ ಕಾಗದದಲ್ಲಿ, ಮಿಕ್ಸಿಂಗ್ ಕೆಲಸ ಸಿಕ್ಕಿದೆ ಎಂದು ನೀನು ಬರೆದಿದ್ದೆ. ನಮಗೆ ಗೊತ್ತಿದ್ದದ್ದು ಡಾಕ್ಟರರು ಕೊಡುವ ಕೆಂಪು ಮಿಕ್ಸ್ಚರ್ ಒಂದೇ. ಮಗ ಕಂಪೌಂಡರ್ ಆದ ಎಂದು ನಾನು ಊರಿಡೀ ಹೇಳಿಕೊಂಡು ಬಂದೆ. ನೀನೂ ತಿದ್ದಲಿಲ್ಲ. ನೀನು ಊರಿಗೆ ಬಂದಾಗಲೆಲ್ಲ ಜನ ಕೆಮ್ಮಿಕೊಂಡು ನಮ್ಮ ಜಗಲಿ ಹತ್ತಿದರು. ಆಚೆಮನೆಯ ಲೋಕಯ್ಯನವರಿಗೆ ಒಂದು ಬಾಟ್ಲಿ ಔಷಧಿ ಮಾಡಿಕೊಟ್ಟದ್ದೂ ಆಯಿತು.

ಮೇ ತಿಂಗಳ ನಿಶ್ಚಿತಾರ್ಥ ನೆನಪುಂಟಲ್ಲ? ಮೂಡುಬಿದಿರೆಯಿಂದ ಗಂಡಿನ ಕಡೆಯವರು ಬೆವರು ಒರೆಸಿಕೊಂಡು ಬಂದು ಕೂತರು. ನೀನು ಪುನರ್ಪುಳಿ ಹಣ್ಣಿನ ರಸಕ್ಕೆ ಬೊಂಡದ ಎಳನೀರು, ಶುಂಠಿ, ಜಜ್ಜಿದ ಕಾಳುಮೆಣಸು, ಬಂಟ್ವಾಳದಿಂದ ತರಿಸಿದ ಐಸಿನ ಚೂರು ಹಾಕಿ, ಎರಡು ಚೆಂಬುಗಳ ಬಾಯಿಗೆ ಬಾಯಿ ಸೇರಿಸಿ ಕಿವಿಯ ಹತ್ತಿರ ಹಿಡಿದು ಕುಲುಕಿದೆ. ಲೋಟದಲ್ಲಿ ಗುಲಾಬಿ ಬಣ್ಣದ ನೊರೆ ನಿಂತಿತ್ತು. ವರನ ಸೋದರಮಾವ ವೆಂಕಟೇಶ್ವರಯ್ಯನವರು ಮೂರು ಲೋಟ ಕುಡಿದು, ಇದನ್ನು ಎಲ್ಲಿ ಕಲಿತದ್ದೆಂದು ಕೇಳಿದರು. ಆಸ್ಪತ್ರೆಯಲ್ಲಿ ಎಂದು ನಾನೇ ಜೋರಾಗಿ ಹೇಳಿದೆ. ನಿನ್ನ ಮುಖ ಆ ಶರಬತ್ತಿಗಿಂತ ಕೆಂಪಾಯಿತು. ಗುಟ್ಟು ರಟ್ಟಾದರೆ ತಂಗಿಯ ಮದುವೆ ಮುರಿದೀತು ಎಂಬ ಹೆದರಿಕೆಯಿಂದಲ್ಲವೇ ನೀನು ಬರುವುದಿಲ್ಲ ಎನ್ನುತ್ತಿರುವುದು?

ಕಳೆದ ವಾರ ಮಡಂತ್ಯಾರಿನ ಅಂಗಡಿಯ ಹಸನಬ್ಬ ಬಂದಿದ್ದರು. ಬೊಂಬಾಯಿಯ ಒಂದು ದೊಡ್ಡ ಹೋಟೆಲಿಗೆ ಕಾಳುಮೆಣಸು ಕೊಡಲು ಹೋದಾಗ ನಿನ್ನನ್ನು ಕಂಡರಂತೆ. ಕರಿ ಕೋಟು ಹಾಕಿ ಬಾಟ್ಲಿಗಳ ನಡುವೆ ನಿಂತಿದ್ದೆಯಂತೆ. ನಿನ್ನ ಕೈಯ ಒಂದು ಲೋಟಕ್ಕಾಗಿ ದೊಡ್ಡ ದೊಡ್ಡ ಸಾಹೇಬರೆಲ್ಲ ಕಾಯುತ್ತಿದ್ದರಂತೆ. ಇದನ್ನು ಅವರು ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದರು. ಸ್ವಲ್ಪ ಜೋರಾಗಿಯೇ ಹೇಳಿ ಎಂದೆ ನಾನು.

ಮರುದಿನ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ. ಅರ್ಧ ದಾರಿಯಲ್ಲಿ ಇಳಿದುಬಿಡುವ ಎಂದು ಕಂಡಿತು, ಸುಳ್ಳು ಯಾಕೆ ಹೇಳಲಿ. ನನ್ನ ಮಗ ಕಂಪೌಂಡರ್ ಅಲ್ಲ, ಹೋಟೆಲಿನಲ್ಲಿ ಡ್ರಿಂಕ್ಸ್ ಬೆರೆಸುವವನು, ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ವೆಂಕಟೇಶ್ವರಯ್ಯನವರ ಎದುರು ನಿಂತು ಹೇಳಿದೆ. ಅವರು, "ಆಸ್ಪತ್ರೆಯಲ್ಲಿ ಅಂಥ ರುಚಿ ಉಂಟಾ ಅಕ್ಕ? ನನಗೆ ಅವತ್ತೇ ಸಂಶಯ ಇತ್ತು. ಮದುವೆಗೂ ಶರಬತ್ತು ಅವನೇ ಮಾಡ್ಲಿ" ಎಂದು ನಕ್ಕರು. ತಲೆ ಎತ್ತಿಕೊಂಡು ಮನೆಗೆ ಬಂದೆ.

ಡಿಸೆಂಬರ್ ಆರಕ್ಕೆ ಮದುವೆ. ಪುನರ್ಪುಳಿಯ ಕಾಲ ಮುಗಿಯಿತು, ಈಗ ನೆಲ್ಲಿಕಾಯಿ ಉಂಟು. ನಾನೂ ಚೆಂಬು ಕುಲುಕಿ ನೋಡಿದೆ, ಅರ್ಧವನ್ನು ಗೋಡೆ ಕುಡಿಯಿತು. ಇದು ನಿನ್ನ ಕೈಗೇ ಬರುವ ವಿದ್ಯೆ. ಆ ಕರಿ ಕೋಟನ್ನೂ ತಾ. ಅದನ್ನು ಹಾಕಿಕೊಂಡು ನೀನು ಚಪ್ಪರದಲ್ಲಿ ನಿಲ್ಲಬೇಕು, ಇವನು ನನ್ನ ಮಗ ಎಂದು ನಾನು ಎಲ್ಲರಿಗೂ ತೋರಿಸಬೇಕು.

ಇಂತು, ಕಂಪೌಂಡರನ ಅಮ್ಮ ಅಲ್ಲ, ಕೇಶವನ ಅಮ್ಮ
ಶಂಕರಿ

ಬರೆಯಲು ಬಿಟ್ಟದ್ದು: ಲೋಕಯ್ಯನವರು ವಾರವಾರವೂ ಬಂದು ಕಂಪೌಂಡರ್ ಯಾವಾಗ ಬರುವುದೆಂದು ಕೇಳುತ್ತಾರೆ. ಅವರ ಕೆಮ್ಮು ಹೋಗಿ ಮೂರು ವರ್ಷವಾಯಿತು. ಆ ಬಾಟ್ಲಿಯಲ್ಲಿ ಬ್ರಾಂದಿ ಇತ್ತೆಂದು ನನಗೆ ಅವತ್ತೇ ಗೊತ್ತಾಗಿತ್ತು. ಅವರಿಗೆ ಕೊಡುವ ಮೊದಲು ಎರಡು ಚಮಚ ನಾನೇ ಕುಡಿದು ನೋಡಿದ್ದೆ. ಆದರೂ ಊರವರ ಮುಂದೆ ಕಂಪೌಂಡರ್ ಎನ್ನುತ್ತಲೇ ಇದ್ದೆನಲ್ಲ, ಅದಕ್ಕೇ ಅರ್ಧ ತಪ್ಪು ನನ್ನದೆಂದು ಬರೆದದ್ದು. ಈಚೆಗೆ ನನಗೂ ಸ್ವಲ್ಪ ಕೆಮ್ಮು.