ಸೂಜಿ ತೂತಿನ ಪಟ

ಹುಣಸೂರು, ಭಾನುವಾರ

ಅಣ್ಣಯ್ಯನವರಿಗೆ ತಮ್ಮ ಮಂಟಯ್ಯನ ನಮಸ್ಕಾರ. ನಾವು ಗಂಡ ಹೆಂಡಿರಿಬ್ಬರೂ ಕ್ಷೇಮ. ಆದರೆ ಪಟದಲ್ಲಿ ನಾನಿಲ್ಲ.

ಕೆಮ್ಮಿ ಕೆಮ್ಮಿ ನಾನು ಬಡವಾಗಿದ್ದೇನೆಂದು ಕೊರಗಿ ಅವ್ವ ಫೋಟೋ ಕೇಳಿದ್ದಳಲ್ಲ, ಅದಕ್ಕೆಂದು ಇಲ್ಲಿಯ ಕುಳ್ಳಯ್ಯನೆಂಬ ಮಹಾಶಯನನ್ನು ಮನೆಗೆ ಕರೆಸಿದೆ. ಅವನ ಕ್ಯಾಮರಾ ಎಂದರೆ ಹೊಗೆಸೊಪ್ಪು ತುಂಬುವ ಹಳೆಯ ಪೆಟ್ಟಿಗೆ! ಗಾಜಿಲ್ಲ ಗೀಜಿಲ್ಲ, ಮುಂದೆ ಸೂಜಿಯಲ್ಲಿ ಚುಚ್ಚಿದ ತೂತು, ಒಳಗೆ ತಾನೇ ಮದ್ದು ಬಳಿದ ಕಾಗದ. "ಮುದ್ದೆ ಬೇಯೋಗಂಟ ಅಳ್ಳಾಡ್ಬೇಡಿ, ಮಾತಾಡ್ಬೇಡಿ ಮೇಷ್ಟ್ರೇ" ಎಂದ. ದಿನವೂ ಶಾಲೆ ತುಂಬ ಮಕ್ಕಳನ್ನು ಸುಮ್ಮನೆ ಕೂರಿಸುವವನು ನಾನು, ನನಗೇ ಪಾಠ! ಮೈಸೂರಿನಲ್ಲಿ ಫೋಟೋ ಹೇಗೆ ತೆಗೆಯುತ್ತಾರೆಂದು ಅವನಿಗೆ ಚೆನ್ನಾಗಿ ತಿಳಿಹೇಳಿದೆ. ಎರಡು ಸಲ ಎದ್ದು ಹೋಗಿ ತೂತಿನೊಳಗೆ ಇಣುಕಿಯೂ ನೋಡಿದೆ.

ಪಟದಲ್ಲಿ ನನ್ನ ಪಕ್ಕ ಕೂತಿದ್ದ ಪುಟ್ಟಸಿದ್ದಮ್ಮ ಮೂಗುಬೊಟ್ಟಿನ ಸಮೇತ ಬಂದಿದ್ದಾಳೆ. ನನ್ನ ಕೊಡೆ ಬಂದಿದೆ. ಜಗಲಿಯ ಕೆಳಗೆ ಮಲಗಿದ್ದ ನಾಯಿ ಕೂಡ ಬಂದಿದೆ. ನಾನು ಕೂತಿದ್ದ ಕಡೆ ಬರೀ ಹೊಗೆ. ನನ್ನ ಎದೆಯೊಳಗಿಂದ ಹಿಂದಿನ ಗೋಡೆಯ ಬೆರಣಿ ಕಾಣುತ್ತವೆ. ಇದನ್ನು ಆ ಪೆಟ್ಟಿಗೆಯವನು ಕಲೆ ಅನ್ನುತ್ತಾನೆ. ಇದ್ದಲಿನಲ್ಲಿ ಗೀಚಿದ್ದರೂ ನನ್ನ ಮೀಸೆಯಾದರೂ ಮೂಡುತ್ತಿತ್ತು.

ನನ್ನನ್ನು ಕೇಳದೆ ಇವಳು ಅದನ್ನು ಚಾಮಯ್ಯನ ಕೈಲಿ ಊರಿಗೆ ಕಳಿಸಿಬಿಟ್ಟಿದ್ದಾಳೆ. ಅವ್ವ ನೋಡುವ ಮೊದಲೇ ಇಸಕೊಂಡು ಅಡಗಿಸಿಡಿ, ಇಲ್ಲದಿದ್ದರೆ ಮಗ ದೆವ್ವವಾದನೆಂದು ಅತ್ತಾಳು. ಕೆಮ್ಮು ವಾಸಿಯಾಗಿದೆ ಎಂದು ಹೇಳಿ.

ಕಾರ್ಡು ತುಂಬಿತು. "ಸುಮ್ಕೆ ಕುಂತಿದ್ದೋರೆಲ್ಲ ಬಂದವ್ರೆ ಕಣ್ರೀ" ಅನ್ನುತ್ತಿದ್ದಾಳೆ ಪುಟ್ಟಸಿದ್ದಮ್ಮ, ನಾಯಿಗೆ ಮುದ್ದೆ ಹಾಕುತ್ತಾ.