ಎರಡೂ ಕೈ

ಮಾರ್ಚ್ 4, ಬೆಳಿಗ್ಗೆ 7
ನಲವತ್ತು ಸಮವಸ್ತ್ರ ಇವತ್ತೇ ಕತ್ತರಿಸಿ ಹೊಲಿಗೆಗೆ ಕೊಡಬೇಕು. ನಿನ್ನೆ ಎರಡು ಕಾಲರ್ ಹಾಳಾದವು. ಬಟ್ಟೆ ಮೇಲಿನ ಸೀಮೆಸುಣ್ಣದ ಗೆರೆ ಎರಡೆರಡಾಗಿ ಕಾಣುತ್ತಿತ್ತು. ಯಾವುದರ ಮೇಲೆ ಕತ್ತರಿ ಓಡಿಸಲಿ? ಜೊತೆಗೆ ಹೊಲಿಯುವ ನಾದಿನಿಗೆ ಹೇಳಿಲ್ಲ. ಹೇಳಿದರೆ ಮಧ್ಯಾಹ್ನದೊಳಗೆ ಇಡೀ ಅಂಗಡಿಗೆ ಗೊತ್ತು. ಕನ್ನಡಕ ಬದಲಿಸಬೇಕು...

ಮಾರ್ಚ್ 7
ಆಸ್ಪತ್ರೆ ಮಂಚ. ಮೊನ್ನೆ ಅಂಗಡಿಯಲ್ಲೇ ನೆಲ ವಾಲಿದ ಹಾಗಾಗಿ ಬಿದ್ದೆ. ಮಾತು ತೊದಲಿತು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಡಾಕ್ಟರು, "ಸಣ್ಣ ಸ್ಟ್ರೋಕ್. ಕೆಲವೊಮ್ಮೆ ಸ್ಕ್ಯಾನಲ್ಲಿ ಸಿಗಲ್ಲ. ಮಾತ್ರೆ, ವ್ಯಾಯಾಮ — ಸರಿಹೋಗ್ತೀರ" ಅಂದರು. ಐವತ್ತೊಂದಕ್ಕೇ ಸ್ಟ್ರೋಕ್! ಗಂಡನ ಮುಖ ಬಿಳಿಚಿಕೊಂಡಿತ್ತು. ಹೆದರಬೇಡಿ ಅಂತ ಇವರಿಗೆ ನಾನೇ ಹೇಳಬೇಕಾಯಿತು.

ಮಾರ್ಚ್ 29
ಮನೆಗೆ ಬಂದು ಮೂರು ವಾರ. ಸರಿಹೋಗುತ್ತಿಲ್ಲ. ಮೊದಲು ಬಲಗೈ ಮಾತ್ರ ಗುರಿ ತಪ್ಪುತ್ತಿತ್ತು. ಈಗ ಎಡಗೈಯೂ. ಲೋಟಕ್ಕೆ ಕೈ ಚಾಚಿದರೆ ಪಕ್ಕದ ಗಾಳಿ ಹಿಡಿಯುತ್ತೇನೆ. ಗೋಡೆ ಹಿಡಿದೇ ಬಚ್ಚಲಿಗೆ. ಇವರು ಇವತ್ತು ಬಾಯಿಬಿಟ್ಟರು. "ನೀನೂ ಸ್ವಲ್ಪ ಮನಸ್ಸು ಮಾಡ್ಬೇಕು ಕಣೇ. ಹೀಗೆ ಮಲಗಿದ್ರೆ ಆಗುತ್ತಾ?"
ಉತ್ತರ ಗಂಟಲವರೆಗೆ ಬಂತು. ನಾಲಿಗೆ ಕೈಕೊಟ್ಟಿತು.

ಏಪ್ರಿಲ್ 2, ಮಧ್ಯಾಹ್ನ
ವ್ಯಾಯಾಮ ಮಾಡಿಸುವ ಹೆಂಗಸು — ನಾನಿಟ್ಟ ಹೆಸರು ಹೆಡ್‌ಮೇಷ್ಟ್ರು — ಇವತ್ತು ಗದರಲಿಲ್ಲ. ಅದಕ್ಕೇ ಹೆದರಿದೆ. ಮೂಗಿಗೆ ಬೆರಳು ಮುಟ್ಟಿಸಿ ಅಂದಳು. ಬಲಬೆರಳು ಕೆನ್ನೆಗೆ ಹೋಯಿತು, ಎಡದ್ದು ಕಿವಿಯ ಹತ್ತಿರ.
ಇವರನ್ನು ಒಳಗೆ ಕರೆದಳು. "ಸ್ಟ್ರೋಕ್ ಆದವರು ಸಾಮಾನ್ಯವಾಗಿ ನಿಧಾನಕ್ಕೆ ಸುಧಾರಿಸ್ತಾರೆ. ಇವರದ್ದು ದಿನಾ ಹದಗೆಡ್ತಿದೆ. ಅದೂ ಎರಡೂ ಕಡೆ. ಇದು ಸೋಮಾರಿತನ ಅಲ್ಲ ಸಾರ್. ಸ್ಟ್ರೋಕೂ ಅಲ್ಲ ಅನ್ಸುತ್ತೆ. ನರರೋಗದ ಡಾಕ್ಟರಿಗೆ ತೋರಿಸಿ. ತಡಮಾಡ್ಬೇಡಿ."
ಇವರು ಅಲ್ಲೇ ಡಾಕ್ಟರ ನಂಬರು ಬರೆಸಿಕೊಂಡರು.

ಏಪ್ರಿಲ್ 3
ನರರೋಗದ ಡಾಕ್ಟರು ವಯಸ್ಸಾದವರು. ಆತುರವಿಲ್ಲ. ತಲೆಯ ವಿಷಯ ಬಿಟ್ಟು ಎದೆ, ಹೊಟ್ಟೆ, ತೂಕ ಎಲ್ಲ ಕೇಳಿದರು.
"ಎಲ್ಲೋ ಒಂದು ಗಡ್ಡೆ ಅಡಗಿರಬಹುದು. ಅದನ್ನ ಹೊಡೆಯೋಕೆ ಹೊರಟ ನಿಮ್ಮ ದೇಹದ ಕಾವಲು, ಮಿದುಳನ್ನೂ ಶತ್ರು ಅಂದ್ಕೊಂಡು ಹೊಡೀತಿರಬಹುದು."
"ಕ್ಯಾನ್ಸರಾ?"
ಪದ ಸ್ಪಷ್ಟವಾಗಿ ಬಂತು. ಬಿದ್ದಾಗಿನಿಂದ ಹಾಗೆ ಬಂದದ್ದು ಅದೊಂದೇ.
"ಹುಡುಕ್ಬೇಕಮ್ಮ. ಬೇಗ." ಪರೀಕ್ಷೆಗೆ ರಕ್ತ ಕೊಟ್ಟು ಬಂದೆ.

ಏಪ್ರಿಲ್ 13
ಸಿಕ್ಕಿತು. ಎಡ ಅಂಡಾಶಯದಲ್ಲಿ ಗಡ್ಡೆ. ಕೋಟಿನ ಗುಂಡಿಯಷ್ಟು. ನೋವಿಲ್ಲ, ಏನಿಲ್ಲ. ಕೈಕಾಲು ಹೀಗಾಗದಿದ್ದರೆ ಇಷ್ಟು ಬೇಗ ತಿಳಿಯುತ್ತಲೇ ಇರಲಿಲ್ಲವಂತೆ. ಸಂತೋಷಪಡಬೇಕೋ ಏನೋ.
"ತೆಗೆದರೆ ಕೈ ವಾಪಸ್ ಬರುತ್ತಾ?"
"ಹೋದದ್ದು ಪೂರ್ತಿ ಬರದೇ ಇರಬಹುದು. ಇನ್ನಷ್ಟು ಹೋಗದ ಹಾಗೆ ನೋಡ್ಕೊಳ್ಳೋಣ."
ಮೂವತ್ತು ವರ್ಷ ಕತ್ತರಿ ಹಿಡಿದ ಕೈ. ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ಯಾರದ್ದೋ ವಸ್ತುವಿನ ಹಾಗೆ.

ಮೇ 6
ಆಪರೇಷನ್ ಆಯಿತು, ಗುಂಡಿ ಹೊರಗೆ. ಬೇರೆಲ್ಲೂ ಹರಡಿಲ್ಲವಂತೆ. ಕೀಮೋ ಮುಂದಿನ ವಾರ. ಕೈ ಹಾಗೇ ಇದೆ. ಆದರೆ ಇನ್ನಷ್ಟು ಹದಗೆಟ್ಟಿಲ್ಲ — ಹೆಡ್‌ಮೇಷ್ಟ್ರು ದಿನಾ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳುತ್ತಾಳೆ. ಇಷ್ಟು ಬರೆಯಲು ಮುಕ್ಕಾಲು ಗಂಟೆ.

ಮೇ 9, ಸಂಜೆ
ಇವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ತಪ್ಪಾಯಿತು ಅಂದವರಲ್ಲ. "ಅವತ್ತು ನಾನು..." ಅಂದು ನಿಲ್ಲಿಸಿದರು. ನಾನು ಸಹಾಯ ಮಾಡಲಿಲ್ಲ. ಕಾದೆ.
"ನಿಂಗೇ ಮನಸ್ಸಿಲ್ಲ ಅಂದ್ಕೊಂಡ್ಬಿಟ್ಟೆ."
"ಗೊತ್ತು" ಅಂದೆ. ಎರಡಕ್ಷರ. ಅದಕ್ಕೇ ಎಷ್ಟು ಹೊತ್ತು!
ಎದ್ದು ಅಡುಗೆಮನೆಗೆ ಹೋದರು. ಕೋಪ ಹೋಯಿತೇ? ಇಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು. ಮಾತು ನೆಟ್ಟಗಾಗಲಿ ಅಂತ ಕಾಯುವುದಿಲ್ಲ. ನಾಳೆ — ಇಲ್ಲ, ಈಗಲೇ. ಪಾತ್ರೆ ತೊಳೆಯುವ ಸದ್ದು ನಿಂತಿತು. ಪೆನ್ನು ಇಟ್ಟು ಇವರನ್ನು ಕರೆಯುತ್ತೇನೆ.