ಎಂಟನೇ ದಿನದ ನಾಯಿಮರಿ

ನಮ್ಮನೆ ಯಜಮಾನರಿಗೆ,

ಮುದ್ದೆ ಮುಚ್ಚಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೊಳ್ಳಿ. ಸೀಮೆಎಣ್ಣೆ ಬಂದಿದೆಯಂತೆ, ರೇಷನ್ ಕಾರ್ಡು ಗೂಡಿನಲ್ಲಿದೆ. ಹಸುವಿಗೆ ಹುಲ್ಲು ಹಾಕುವುದನ್ನು ಮರೆಯಬೇಡಿ.

ಬೆಂಗಳೂರಿನಲ್ಲಿ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಸಂಘದಿಂದ ಆ ಟೆರಿಯರ್ ಜಾತಿಯ ನಾಯಿಮರಿಯನ್ನು ಬಿಡಿಸಿಕೊಂಡು ಬರುವಾಗ ನನ್ನನ್ನು ಒಂದು ಮಾತು ಕೇಳಿದಿರಾ? "ರಾಗಿ ತಿನ್ನೋ ಇಲಿ ಹಿಡೀತದೆ ಕಣೇ, ಎಂಟು ದಿನ ನೋಡು, ಬ್ಯಾಡ ಅಂದ್ರೆ ವಾಪಸ್ ಬಿಟ್ಬರ್ತೀನಿ" ಅಂದಿರಿ. ಇಷ್ಟು ದಿನದಲ್ಲಿ ಅದು ಹಿಡಿದದ್ದು ನನ್ನ ಸೆರಗೊಂದನ್ನೇ. ಕರಿಬೇವಿನ ಗಿಡದ ಬುಡ ತೋಡಿತು, ರಂಗೋಲಿ ಮೇಲೆ ಹೊರಳಾಡಿತು. ದಿನಾ "ಬ್ಯಾಡ, ಬ್ಯಾಡ" ಎಂದು ಕೂಗಿದವಳು ನಾನೇ, ಇಲ್ಲ ಅನ್ನುವುದಿಲ್ಲ.

ಅದಕ್ಕೇ ನೀವು ಸಂಘಕ್ಕೆ ಕಾಗದ ಬರೆದಿರಿ, ಇವತ್ತು ಮರಿಯನ್ನು ವಾಪಸ್ ತಂದು ಬಿಡುತ್ತೇನೆ ಎಂದು. ಕೊಟ್ಟ ಮಾತಿಗೆ ತಪ್ಪುವವರಲ್ಲ, ಅದೇ ನಿಮ್ಮ ಕಾಯಿಲೆ. ನಿನ್ನೆ ನೀವು ಅದನ್ನು ಕಟ್ಟಿಕೊಂಡು ಹೋಗಲು ಹಗ್ಗ ಹೊಸೆಯುತ್ತಿದ್ದಾಗ, ಇಲ್ಲೇ ಇರಲಿ ಬಿಡಿ ಎಂದು ಬಾಯಿ ಬಿಡಲು ನನಗೆ ನಾಚಿಕೆಯಾಯಿತು.

ಕೆಲಸದ ಪಾಳಿ ಮುಗಿಸಿ ಬಂದವರು ಮರಿಯನ್ನು ಹುಡುಕಬೇಡಿ. ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬಕ್ಕೆ ಅವ್ವ ಕರೆದಿದ್ದಾಳೆ, ನಂದಗುಡಿಗೆ, ತವರಿಗೆ ಹೊರಟಿದ್ದೇನೆ. ಬೊಮ್ಮಿ ಬುಟ್ಟಿಯಲ್ಲಿ ನಿಮ್ಮ ಹಳೇ ಪಂಚೆ ಹೊದ್ದು ಕೂತಿದ್ದಾಳೆ. ಹೌದು, ಹೆಸರಿಟ್ಟಾಗಿದೆ.

ಮೊದಲ ಸಲ ಮನೆಗೆ ಬಂದ ಮಗುವಿನ ಕಾಲಿಗೆ ಅವ್ವ ಕರಿದಾರ ಕಟ್ಟುತ್ತಾಳಲ್ಲ, ಇವಳಿಗೂ ಕಟ್ಟಿಸುತ್ತೇನೆ. ದಾರ ಕಟ್ಟಿಸಿಕೊಂಡ ಮಗುವನ್ನು ಯಾರಾದರೂ ವಾಪಸ್ ಕೊಡುತ್ತಾರೆಯೇ?

ನಿಮ್ಮ ಮಾತು ಉಳಿಯಲಿ. ಸಂಘದವರು ಕೇಳಿದರೆ, ಹೆಂಡತಿ ಕದ್ದುಕೊಂಡು ಹೋದಳು ಅನ್ನಿ.

ಮುತ್ಯಾಲಮ್ಮ